ಅಂಗಿಯ ಗುಂಡಿಯವರಿಗೆ ಒಂದು ಅಹವಾಲು

ಮಾನ್ಯ ಗುಂಡಿಯವರೇ,

ಕಡಲೆಬೀಜದಷ್ಟೇ ಗಾತ್ರದಲ್ಲಿದ್ದು ಒಂದಿಡೀ ಮನೆಯನ್ನು ಆಳುತ್ತಿರುವ ತಮ್ಮ ಸನ್ನಿಧಾನಕ್ಕೆ ಹೊಳಲ್ಕೆರೆ ತಾಲ್ಲೂಕಿನ ಮುರುಗಪ್ಪನ ಸಾಷ್ಟಾಂಗ ನಮಸ್ಕಾರಗಳು. ಮನೆಯಾಚೆ ನಾನಾಗಿ ಯಾರಿಗೂ ಹೇಳದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹದಿನೇಳು ತುಂಬಿದ ನನಗೆ ತಮ್ಮನ್ನು ಹಾಕಲು ಬರುವುದಿಲ್ಲ, ಅವ್ವ ಮೊದಲೇ ಗುಂಡಿ ಹಾಕಿಟ್ಟ ಅಂಗಿಯನ್ನು ತಲೆಯ ಮೇಲಿಂದ ತೂರಿಸಿಕೊಳ್ಳುತ್ತೇನೆ. ನಾನು ಲೆಕ್ಕಕ್ಕೆ ಹೆದರಿ ಶಾಲೆ ಬಿಟ್ಟೆನೆಂದು ಊರು ನಂಬಿದೆ; ನಿಜವಾಗಿ, ಡ್ರಿಲ್ಲಿಗೆ ಅಂಗಿ ಬದಲಿಸುವಾಗ ಹುಡುಗರೆದುರು ತಾವು ನನ್ನನ್ನು ಸೋಲಿಸಿದ್ದೇ ಕಾರಣ. ಮೂಟೆ ಎತ್ತುವ ಕೈಗೆ ತಮ್ಮನ್ನು ಕಂಡರೆ ಯಾವುದಾದ ಮೇಲೆ ಯಾವುದು ಎಂಬುದೇ ತೋಚುವುದಿಲ್ಲ. ದುರ್ಗದ ಪಾಳೆಯಗಾರರು ತಮ್ಮನ್ನು ಕೋಟೆಯ ಬಾಗಿಲಿಗೆ ಹೊಲಿಸಿದ್ದರೆ ಶತ್ರುಗಳು ಅಲ್ಲೇ ನಿಂತು ಬೆವರುತ್ತಿದ್ದರು.

ನನ್ನ ಮಟ್ಟಿಗೆ ಸಹಿಸಿಕೊಂಡಿದ್ದೆ. ಆದರೆ ತಂಗಿ ಸರ್ವಮಂಗಳೆಗೂ ಇಂಥದೇ ಕೈ. ೧೯೭೬ರ ಈ ಜೂನಿನಲ್ಲಿ ಒಂದನೇ ತರಗತಿಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರರು, "ಗುಂಡಿ ಹಾಕ್ಕಳಾಕೆ ಬರ್ದೋಳು ಅಕ್ಷರ ತಿದ್ತಾಳೇನ್ರಿ? ಕಲಿಸ್ಕಂಡು ಕರ್ಕಂಬರ್ರಿ" ಎಂದು ಅವಳನ್ನು ವಾಪಸು ಕಳಿಸಿದರು. ಸರಸ್ವತಿಯ ಬಾಗಿಲಿಗೆ ತಮ್ಮನ್ನು ಕಾವಲಿಗೆ ನೇಮಿಸಿದವರು ಯಾರೆಂದು ದಯವಿಟ್ಟು ತಿಳಿಸಬೇಕು.

ಚಿತ್ರದುರ್ಗದ ವೈದ್ಯಕೀಯ ಶಿಬಿರಕ್ಕೆ ಬೆಂಗಳೂರಿನಿಂದ ಬಂದಿದ್ದ, ಮಕ್ಕಳ ಕೈಗಳಿಗೆ ದಿನದ ಕೆಲಸ ಕಲಿಸುವ ಥೆರಪಿ ಓದಿದ ಅಕ್ಕನವರಿಗೆ ಅವಳನ್ನು ತೋರಿಸಿದೆವು. ಇದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ, ಮಾಡಬೇಕಾದ್ದನ್ನು ಕೈಗೆ ಕ್ರಮವಾಗಿ ಹೊಂದಿಸಿಕೊಡಲು ಮಿದುಳಿಗೆ ಕಷ್ಟ ಎಂದ ಅವರು, ತಮ್ಮನ್ನು ಅರ್ಧ ತೂರಿಸಿ, ಕೊನೆಯ ಎಳೆತವನ್ನು ಮಾತ್ರ ಮಂಗಳೆಗೆ ಬಿಟ್ಟರು. ನಮ್ಮ ಮನೆಯಲ್ಲಿ ಅವಳು ಒದ್ದಾಡುವುದನ್ನು ನೋಡಲಾರದೆ ಅವ್ವ ಪ್ರತಿಸಲವೂ ಕಸಿದುಕೊಂಡು ಮುಗಿಸುತ್ತಿದ್ದುದು ಆ ಎಳೆತವನ್ನೇ. ತಾವು ಟಕ್ಕನೆ ಹೊರಬಂದಿರಿ. "ನಾನೇ ಹಾಕ್ದೆ! ನಮ್ಮಣ್ಣಂಗೂ ಹಾಕಾಕೆ ಬರಲ್ಲ!" ಎಂದು ಮಂಗಳೆ ಶಿಬಿರಕ್ಕೆಲ್ಲ ಕೇಳುವಂತೆ ಕೂಗಿದಳು. "ಹಾಗಾದ್ರೆ ನೀನೂ ಕೂತ್ಕೊಳ್ಳಪ್ಪ" ಎಂದರು ಅಕ್ಕನವರು. ಕೂತೆ.

ಆದ್ದರಿಂದ ತಾವು ಊಟದ ತಟ್ಟೆಯಷ್ಟು ದೊಡ್ಡವರಾಗಬೇಕು. ಅದು ಕಷ್ಟವಾದರೆ ಹೆಡ್‌ಮಾಸ್ತರರ ಬೆನ್ನಿನ ಕಡೆಗಾದರೂ ವರ್ಗ ಮಾಡಿಸಿಕೊಳ್ಳಬೇಕು, ಅಲ್ಲಿ ಅವರು ಹಾಕಿ ತೋರಿಸಲಿ ಎಂದು ಬೇಡುತ್ತೇನೆ.

ಮಂಗಳೆ ಎರಡು ತಿಂಗಳು ಬೆಂಗಳೂರಿನಲ್ಲಿದ್ದು ಅಕ್ಕನವರ ಬಳಿ ಕಲಿಯಬೇಕಂತೆ, ಜೊತೆಗೊಬ್ಬರು ಇರಬೇಕಂತೆ. ಅಪ್ಪ ಹೊಲ ಬಿಡಲಾರ, ಅವ್ವ ಎಮ್ಮೆ ಬಿಡಲಾರಳು. ಬಿಡಬೇಕಾದ್ದನ್ನೆಲ್ಲ ಆಗಲೇ ಬಿಟ್ಟು ಕೂತವನು ನಾನೊಬ್ಬನೇ.

ತಲೆಯ ಮೇಲಿಂದ ತಮ್ಮ ವಿಶ್ವಾಸಿ,
ಮುರುಗಪ್ಪ

ತಾ.ಕ.: ಈ ಸಲ ಅವ್ವ ನಮ್ಮಿಬ್ಬರ ಅಂಗಿಗಳನ್ನೂ ಗುಂಡಿ ಬಿಚ್ಚಿಯೇ ಮಡಚಿಟ್ಟಿದ್ದಾಳೆ. ತಾವೂ ಅದೇ ಚೀಲದಲ್ಲಿದ್ದೀರಿ, ದಾರಿಯಲ್ಲಿ ಕಿತ್ತುಕೊಂಡು ಓಡುವ ಯೋಚನೆ ಬೇಡ. ನಾಳೆ ಬೆಳಿಗ್ಗೆಯ ಬಸ್ಸಿಗೆ ಮಂಗಳೆಯೂ ನಾನೂ ಹೊರಡುತ್ತೇವೆ.