ದೊಡ್ಡಮ್ಮ ಹೋದ್ಲು!

ಎಡವಟ್ಟೆಲ್ಲ ಶುರುವಾದದ್ದು ನಾಮಕರಣದಿಂದ. ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಎಲ್ಲರ ಕೆಲಸವನ್ನೂ ಕೂಡಿಡಲು ನೆಟ್‌ವರ್ಕಿಗೆ ಜೋಡಿಸಿದ ಎರಡು ಡಬ್ಬಗಳಿದ್ದವು. ಅಂಕಿಗಳ ವಿಳಾಸವೇನೋ ಅವಕ್ಕಿತ್ತು. ಆದರೆ ಆನ್ ಮಾಡಿದಾಗಲೆಲ್ಲ ಬಾಡಿಗೆದಾರರ ಹಾಗೆ ವಿಳಾಸ ಬದಲಾಯಿಸುತ್ತಿದ್ದವು. ಆದ್ದರಿಂದ ಹೆಸರು ಹಿಡಿದೇ ಕೂಗಬೇಕು. ಕೂಗಿದರೆ ಡಬ್ಬ ‘ಇಲ್ಲಿದ್ದೀನಿ’ ಅನ್ನಬೇಕು. ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು, ಸದಾ ಕೊರಳಿಗೆ ವೈರು ಸುತ್ತಿಕೊಂಡು ತಿರುಗುವ ತಪ್ಪಿಗೆ ವೈರಪ್ಪ ಅನ್ನಿಸಿಕೊಂಡವನು, ದಪ್ಪ ಡಬ್ಬಕ್ಕೆ ‘ದೊಡ್ಡಮ್ಮ’ ಎಂದೂ ಸಣ್ಣದಕ್ಕೆ ‘ಚಿಕ್ಕಮ್ಮ’ ಎಂದೂ ಮುದ್ದಿನಿಂದ ಹೆಸರಿಟ್ಟಿದ್ದ. ಇದು ಅವನಿಗೊಬ್ಬನಿಗೇ ಗೊತ್ತಿದ್ದ ಸಂಬಂಧ.

ಆವತ್ತು ಬೆಳಿಗ್ಗೆ ಯಜಮಾನರು ಅವನನ್ನು ಕರೆದರು. “ಆಸ್ಪತ್ರೆ ನಕ್ಷೆ ಸಂಜೆಯೊಳಗೆ ಕಳಿಸ್ಬೇಕು. ಕಳಿಸಿದ್ರೋ, ನಿಮ್ಮ ಕೆಲಸ ಕಾಯಂ.”

ವರ್ಷಗಳಿಂದ ಹಂಗಾಮಿಯಾಗಿ ಸವೆದಿದ್ದ ವೈರಪ್ಪ ಹಿಗ್ಗಿನಿಂದ ಕುರ್ಚಿಯಲ್ಲಿ ಕೂತು ಹುಡುಕಿದ. ಮತ್ತೆ ಹುಡುಕಿದ. ನಕ್ಷೆಯನ್ನು ಒಳಗಿಟ್ಟುಕೊಂಡಿದ್ದ ದೊಡ್ಡಮ್ಮನ ಹೆಸರೇ ಕಂಪ್ಯೂಟರಿನ ತೆರೆಯ ಮೇಲಿನ ಪಟ್ಟಿಯಲ್ಲಿಲ್ಲ!

“ಅಯ್ಯೋ, ದೊಡ್ಡಮ್ಮ ಹೋದ್ಲು!”

ಲೆಕ್ಕದ ಮೇಡಂ ಕಾಫಿ ಲೋಟ ಬಿಟ್ಟು ಓಡಿಬಂದರು. “ಯಾವಾಗ್ರೀ?”

ವೈರಪ್ಪನ ಕಣ್ಣು ತೆರೆಯಿಂದ ಕದಲಲಿಲ್ಲ. “ನಿನ್ನೆ ಚೆನ್ನಾಗೇ ಇದ್ಲು. ಈಗ ಎಷ್ಟು ಕೂಗಿದ್ರೂ ಮಾತಿಲ್ಲ!”

“ಪಾಪ! ಇನ್ಯಾರಿದ್ದಾರೆ ನಿಮಗೆ?”

“ಚಿಕ್ಕಮ್ಮ ಇದ್ದಾಳೆ. ಏನುಪಯೋಗ? ಒಳಗೆಲ್ಲ ಖಾಲಿ.”

“ದುಃಖದಲ್ಲಿ ಹಾಗೆಲ್ಲ ಅನ್ಬೇಡಿ.”

ಆಗ ವೈರಪ್ಪನಿಗೆ ಎಡವಟ್ಟು ಹೊಳೆಯಿತು. “ಮೇಡಂ, ದೊಡ್ಡಮ್ಮ ಅಂದ್ರೆ ಒಂದು ಡಬ್ಬ ಅಷ್ಟೇ!”

“ಛೆ ಛೆ! ಹೋದವರನ್ನ ಡಬ್ಬ ಅಂತಾರೇನ್ರೀ?”

ಅಷ್ಟರಲ್ಲಿ ಹಿರಿಯ ನಕ್ಷೆಗಾರರು ಅವನನ್ನು ಎತ್ತಿ ಸೋಫಾದ ಮೇಲೆ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದರು. ಯಜಮಾನರೂ ಬಂದು ಪಕ್ಕದಲ್ಲಿ ಕೂತರು.

“ಮನೆಗೆ ಹೋಗಿ. ಎಷ್ಟು ಬೇಕೋ ಅಷ್ಟು ರಜೆ ತಗೊಳ್ಳಿ.”

“ರಜೆ ಬೇಡ ಸಾರ್! ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ದೊಡ್ಡಮ್ಮ ಎದ್ದು ಕೂರ್ತಾಳೆ!”

ಯಜಮಾನರ ಕಣ್ಣು ತುಂಬಿತು. “ನನ್ನ ಸಾಕಿದ್ದೂ ದೊಡ್ಡಮ್ಮನೇ ಕಣ್ರೀ” ಎಂದು ಅವನ ಕೈ ಹಿಡಿದುಕೊಂಡರು. ಹಿಡಿದ ಕೈಯನ್ನು ಊಟದ ಹೊತ್ತು ದಾಟಿ ಸಂಜೆ ಹತ್ತಿರವಾದರೂ ಬಿಡಲಿಲ್ಲ. ಪಾಪ, ಒಳ್ಳೆಯವರ ಕೈಗೆ ಸಿಕ್ಕವನು ಬಿಡಿಸಿಕೊಳ್ಳುವುದು ಎಷ್ಟು ಕಷ್ಟ!

ಕೊನೆಗೆ ಫೋನು ಬಂತೆಂದು ಯಜಮಾನರು ಎದ್ದದ್ದೇ ತಡ, ವೈರಪ್ಪ ಸೋಫಾದಿಂದ ಜಾರಿ ಮೇಜಿನಡಿಗೆ ತೆವಳಿದ. ಗುಡಿಸುವಾಗ ಪೊರಕೆ ತಗುಲಿ ದೊಡ್ಡಮ್ಮನ ಪ್ಲಗ್ಗು ಸಡಿಲವಾಗಿತ್ತು, ಅಷ್ಟೇ! ಒತ್ತಿದ. ಹಸಿರು ದೀಪ ಮಿಟುಕಿತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ದೊಡ್ಡಮ್ಮ ಪೂರ್ತಿ ಎಚ್ಚರಾಗುವವರೆಗೂ ದೀಪವನ್ನೇ ನೋಡುತ್ತ ಅಲ್ಲೇ ಕೂತು, ಆಮೇಲೆ ಹೊರಬಂದ.

ಅವನ ಕುರ್ಚಿಯಲ್ಲಿ ಲೆಕ್ಕದ ಮೇಡಂ ಕೂತು ಮೂಗೊರೆಸಿಕೊಳ್ಳುತ್ತಿದ್ದರು. “ಡಬ್ಬಕ್ಕೂ ಅವರ ಹೆಸರೇ ಇಟ್ಟಿದ್ರಾ? ಎಂಥಾ ಪ್ರೀತಿ! ಈಗಷ್ಟೇ ತೆರೆ ಮೇಲೆ ಬಂತು. ದಿನಾ ಆ ಹೆಸರು ನೋಡಿದ್ರೆ ನಿಮಗೆ ಸಂಕಟ ಆಗುತ್ತೆ ಅಂತ ನಾನೇ ಬದಲಾಯಿಸಿಬಿಟ್ಟೆ.”

“ಏನಂತ?”

“ಇನ್ನು ನಿಮಗೆ ದಿಕ್ಕು ಅವರೇ ತಾನೇ? ‘ಚಿಕ್ಕಮ್ಮ’ ಅಂತ.”

ವೈರಪ್ಪ ಕೀಲಿಮಣೆಯ ಮೇಲೆ ಬಿದ್ದ. ಒಂದೇ ಹೆಸರಿಗೆ ಎರಡು ಡಬ್ಬಗಳು ‘ನಾನು, ನಾನು’ ಎಂದು ಜಗಳಕ್ಕೆ ನಿಂತಿದ್ದವು. ಕಂಪ್ಯೂಟರು ತಲೆಕೆಟ್ಟು ಎರಡನ್ನೂ ಪಟ್ಟಿಯಿಂದ ಆಚೆ ಹಾಕಿತ್ತು. ಹೊರಗೆ ಆಗಲೇ ಸಂಜೆಯಾಗಿತ್ತು. ಅವನು ತಲೆ ಚಚ್ಚಿಕೊಂಡು ಕಿರುಚಿದ.

“ಅಯ್ಯಯ್ಯೋ! ಚಿಕ್ಕಮ್ಮನೂ ಹೋದ್ಲು!”

ಫೋನು ಇಟ್ಟು ಬರುತ್ತಿದ್ದ ಯಜಮಾನರು ಬಾಗಿಲಲ್ಲೇ ನಿಂತರು. ಅವರ ಮುಖದ ಮೇಲಿದ್ದ ಮರುಕವೆಲ್ಲ ಇಳಿದುಹೋಯಿತು.

“ಕಾಯಂ ಗೀಯಂ ಎಲ್ಲ ಮರ್ತುಬಿಡಿ” ಎಂದು ಗುಡುಗಿದರು. “ರಜೆಗೆ ದೊಡ್ಡಮ್ಮ ಒಬ್ಬರೇ ಸಾಕಿತ್ತಲ್ರೀ! ಚಿಕ್ಕಮ್ಮನ್ನ ಯಾಕೆ ಸಾಯಿಸಿದ್ರಿ?”