ಜಲತಜ್ಞರ ಮನೆಯಲ್ಲಿ ಏಳು ಮೀನು

ಹತ್ತು ದಿನದ ರಜೆಗೆ ನಾಲ್ಕನೆಯ ತರಗತಿಯ ಮೀನಿನ ತೊಟ್ಟಿಯನ್ನು ಯಾರ ಮನೆಯಲ್ಲಿ ಇಡುವುದು ಎಂದು ಮಿಸ್ ಕೇಳಿದ್ದೇ ತಡ, ಪುಟ್ಟಿ ಬೆಂಚು ಹತ್ತಿ ನಿಂತಳಂತೆ.

"ನಮ್ಮನೇಲಿ ಮಿಸ್! ಈ ಊರಿನ ನೀರೆಲ್ಲ ಮಾಡೋದು ನಮ್ಮಪ್ಪಾನೇ!"

ಮನೆಗೆ ಬಂದ ಮಗಳು ಇದನ್ನು ಹೇಳಿದಾಗ ಅಪ್ಪನ ಎದೆ ಉಬ್ಬಿದ ರೀತಿಗೆ ಅಂಗಿಯ ಎರಡನೆಯ ಗುಂಡಿ ಕಿತ್ತು ಬಂತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಸೂಜಿಗೆ ದಾರ ಪೋಣಿಸಿದಳು.

ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಊರಿನ ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಅವರದು ಹದಿನೇಳು ವರ್ಷದ ಸೇವೆ. ದಿನಾ ನೀರು ಪರೀಕ್ಷಿಸಿ, ಎಷ್ಟು ಕ್ಲೋರಿನ್ ಬೆರೆಸಬೇಕೆಂದು ನಿರ್ಧರಿಸಿ, ವರದಿಯ ಕೆಳಗೆ "ಪರೀಕ್ಷಿಸಿದೆ. ಸರಿಯಾಗಿದೆ" ಎಂದು ಬರೆದು ಸಹಿ ಹಾಕಿ ತಾರೀಖು ಹಾಕುವವರೆಗೆ ಊರಿಗೆ ಒಂದು ಲೋಟ ನೀರೂ ಇಳಿಯುವಂತಿರಲಿಲ್ಲ! ಕಚೇರಿಯಲ್ಲಿ ಅವರನ್ನು ಜಲತಜ್ಞರು ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಕೀಟಲೆ. ಅವರು ಎರಡು ಅರ್ಧವನ್ನೂ ಗೌರವದ ಖಾತೆಗೇ ಹಾಕಿಕೊಂಡಿದ್ದರು. ಯಾರ ಮನೆಗೆ ಹೋದರೂ ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಹ್ಞಾಂ, ನಮ್ಮದೇ" ಎಂದು ಹೇಳಿಯೇ ಕುಡಿಯುತ್ತಿದ್ದರು.

ಇಂಥ ನೀರಿಗೆ ಮರ್ಯಾದೆ ಕೊಡದವರು ಊರಿನಲ್ಲಿ ಒಬ್ಬರೇ ಇದ್ದರು. ಅವರು ಇದೇ ಮನೆಯಲ್ಲಿದ್ದರು. ಹೆಂಡತಿ ಬಾಲ್ಕನಿಯ ಹೂಗಿಡಗಳಿಗೆ ನಲ್ಲಿ ನೀರನ್ನು ನೇರವಾಗಿ ಹಾಕುತ್ತಿರಲಿಲ್ಲ. ಎರಡು ಬಕೆಟ್ಟಿನಲ್ಲಿ ಹಿಡಿದು, ಒಂದು ದಿನ ಪೂರ್ತಿ ಬಾಯಿ ತೆರೆದಿಟ್ಟು, ಮರುದಿನ ಹಾಕುತ್ತಿದ್ದಳು.

"ಶುದ್ಧವಾದ ನೀರನ್ನ ಇನ್ನೂ ಯಾಕೆ ಕಾಯಿಸ್ತೀಯೇ?" ಎಂದರೆ, "ಆರಲಿ ಅಂತ" ಎನ್ನುತ್ತಿದ್ದಳು.

"ಏನು ಆರೋದು? ಅದೇನು ಬಿಸಿ ಇದೆಯಾ?"

"ವಾಸನೆ ಆರಲಿ ಅಂತ. ಎಲೆ ಸುಟ್ಟು ಹೋಗತ್ತೆ."

ಹನ್ನೊಂದು ವರ್ಷದಿಂದ ಆ ಎರಡು ಬಕೆಟ್ಟುಗಳು ಜಲತಜ್ಞರ ಕಣ್ಣಿಗೆ ಕಸವಾಗಿ ಅಲ್ಲೇ ನಿಂತಿದ್ದವು.

ಶುಕ್ರವಾರ ಸಂಜೆ ತೊಟ್ಟಿ ಬಂತು. ಒಳಗೆ ಏಳು ಮೀನು. ಎಲ್ಲವಕ್ಕೂ ತರಗತಿಯೇ ಹೆಸರಿಟ್ಟಿತ್ತು. ಪಟ್ಟೆ ಪಟ್ಟೆಯ ದೊಡ್ಡದು ಮಾನಿಟರ್, ಏಕೆಂದರೆ ಎಲ್ಲರನ್ನೂ ಹೆದರಿಸುತ್ತದೆ. ಬಾಲ ಬೀಸುವ ಮೂರು ಗಪ್ಪಿಗಳು ಡ್ಯಾನ್ಸ್ ಗ್ರೂಪ್. ಮಿಣಮಿಣ ಹೊಳೆಯುವ ಎರಡು ಪುಟಾಣಿಗಳು ಟಾರ್ಚು ಮತ್ತು ಬ್ಯಾಟರಿ. ಇನ್ನು ಕಲ್ಲಿನ ಸಂದಿಯಲ್ಲಿ ಮೀಸೆ ಇಳಿಬಿಟ್ಟುಕೊಂಡು ಇಡೀ ದಿನ ಬಿದ್ದಿರುವ ಮಹಾಶಯ ಲಾಸ್ಟ್ ಬೆಂಚು.

ಗಾಜಿನ ಮೇಲೆ ಮಿಸ್ ಒಂದು ಚೀಟಿ ಅಂಟಿಸಿದ್ದರು. "ದಿನಕ್ಕೆ ಒಂದು ಚಿಟಿಕೆ ಆಹಾರ. ಬೇರೆ ಏನೂ ಮಾಡಬೇಡಿ." ಏನೂ ಎಂಬುದರ ಕೆಳಗೆ ಎರಡು ಗೆರೆ!

"ಇದೇನು ಸೂಚನೆಯೋ ಅವಮಾನವೋ?" ಜಲತಜ್ಞರು ಕೆರಳಿದರು. "ಇಡೀ ಊರಿಗೆ ನೀರು ಕೊಡೋನಿಗೆ ಒಂದು ತೊಟ್ಟಿ ನೀರು ನೋಡ್ಕೊಳ್ಳೋಕೆ ಬರಲ್ವಾ? ನೋಡ್ತಿರು, ರಜೆ ಮುಗಿದ ಸೋಮವಾರ ಈ ತೊಟ್ಟಿ ವಾಪಸ್ ಹೋಗೋವಾಗ ಮೀನುಗಳು ಗಾಳೀಲಿ ತೇಲ್ತಿವೆ ಅನ್ನಿಸ್ಬೇಕು. ನೀರು ಇದೆ ಅಂತಾನೇ ಗೊತ್ತಾಗ್ಬಾರ್ದು!"

"ಅಪ್ಪಾ, ಏಳೂ ಇರ್ಬೇಕು," ಎಂದಳು ಪುಟ್ಟಿ. "ಒಂದು ಕಮ್ಮಿ ಆದ್ರೂ ನಾನು ಶಾಲೆಗೆ ಹೋಗಲ್ಲ. ಎಲ್ಲರ ಮುಂದೆ ಹೇಳಿಬಿಟ್ಟಿದೀನಿ."

ಅಪ್ಪ ತಕ್ಷಣ ಕಚೇರಿಯ ಹಳೆಯದೊಂದು ಖಾಲಿ ರಿಜಿಸ್ಟರ್ ಕೊಟ್ಟರು. ತಾರೀಖು, ಹಾಜರಿ, ಷರಾ ಎಂದು ಗೆರೆ ಎಳೆದುಕೊಟ್ಟರು. "ದಿನಾ ಹಾಜರಿ ಹಾಕು. ಏನಾಯ್ತು ಅನ್ನೋದನ್ನ ಷರಾದಲ್ಲಿ ಬರಿ. ಕಂಡದ್ದನ್ನ ಕಂಡ ಹಾಗೇ ಬರೀಬೇಕು. ಅಳಿಸಬಾರದು. ಮುಖ್ಯವಾಗಿ ತಾರೀಖು ಮರೀಬಾರದು. ತಾರೀಖಿಲ್ಲದ ವರದಿ ರದ್ದಿ ಕಾಗದ!" ಪುಟ್ಟಿ ಅದನ್ನು ಎದೆಗೆ ಅವುಚಿಕೊಂಡಳು.

ಶನಿವಾರ ಮೊದಲ ಸುಧಾರಣೆ ಜಾರಿಗೆ ಬಂತು. ತೊಟ್ಟಿ ಮೂಲೆಯಲ್ಲಿದ್ದರೆ ಅದರ ವೈಭವ ಯಾರಿಗೆ ಕಾಣಬೇಕು? ಜಲತಜ್ಞರು ಅದನ್ನು ಕಿಟಕಿಯ ಬಳಿ, ಬಿಸಿಲು ಬಂಗಾರದಂತೆ ಬೀಳುವ ಕಡೆ ಇಟ್ಟರು. ಬೀದಿಯವರು ನಿಂತು ನೋಡಿದರು. ಭಾನುವಾರವೂ ನೋಡಿದರು. ಸೋಮವಾರ ನೋಡಲು ಏನೂ ಉಳಿದಿರಲಿಲ್ಲ. ನೀರು ಹಸಿರಾಗಿ, ಗಾಜಿನ ಮೇಲೆ ಪಾಚಿ ಹಬ್ಬಿತ್ತು!

"ಬಿಸಿಲಿಗೆ ಇಟ್ರೆ ಪಾಚಿ ಕಟ್ಟದೆ ಇನ್ನೇನು ಕಟ್ಟತ್ತೆ?" ಎಂದಳು ಹೆಂಡತಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಬಿಸಿಲಿನ ತಪ್ಪಲ್ಲ ಕಣೇ. ಫಿಲ್ಟರ್ ಸರಿ ಇಲ್ಲ." ಜಲತಜ್ಞರು ತೊಟ್ಟಿಯನ್ನು ಮತ್ತೆ ಮೂಲೆಗೆ ಸರಿಸಿ, ಪಾಚಿ ಒರೆಸಿ, ಫಿಲ್ಟರ್ ಬಿಚ್ಚಿದರು. ಒಳಗಿನ ಸ್ಪಂಜು ಕಂದು ಬಣ್ಣದ ಲೋಳೆಯಲ್ಲಿ ಮುಳುಗಿತ್ತು. ಅವರ ವೃತ್ತಿರಕ್ತ ಕುದಿಯಿತು. ರೋಗಾಣು ಎಂದರೆ ಹದಿನೇಳು ವರ್ಷದ ವೈರಿ! ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಉಜ್ಜುವ ಬ್ರಷ್ಷಿನಿಂದ ಉಜ್ಜಿ, ಹಿಂಡಿ, ಮತ್ತೆ ಉಜ್ಜಿ, ಬೆಳ್ಳಗೆ ಮಾಡಿಟ್ಟರು. ಎರಡೇ ದಿನದಲ್ಲಿ ತೊಟ್ಟಿಯ ನೀರೂ ಬೆಳ್ಳಗಾಯಿತು. ಅಕ್ಕಿ ತೊಳೆದ ನೀರಿನಷ್ಟು ಬೆಳ್ಳಗೆ! ಬುಧವಾರ ಪುಟ್ಟಿ ಗಾಜಿಗೆ ಮೂಗು ಒತ್ತಿ ಹಾಜರಿ ಕೂಗಿದರೆ ಒಬ್ಬರ ಮುಖವೂ ಕಾಣಲಿಲ್ಲ.

"ಅಪ್ಪಾ, ಮಿಸ್ಸು ಏನೂ ಮಾಡಬೇಡಿ ಅಂದಿದ್ರು."

"ಏನೂ ಮಾಡದೆ ಕೂತ್ರೆ ನಿಮ್ಮ ಮಿಸ್ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು? ನಾಳೆ ನೋಡು. ಬ್ರಹ್ಮಾಸ್ತ್ರ!"

ಅದೇ ಬುಧವಾರ ಅವರ ಬೀದಿಯ ದೊಡ್ಡ ಕೊಳವೆ ಒಡೆದು ರಿಪೇರಿಯಾಗಿತ್ತು. ರಿಪೇರಿಯಾದ ಕೊಳವೆಗೆ ಮರುದಿನ ಕ್ಲೋರಿನ್ ಸ್ವಲ್ಪ ಹೆಚ್ಚು ಕೊಡುವುದು ನಿಯಮ. ಸ್ವಂತ ಬೀದಿಯಲ್ಲವೇ? ಜಲತಜ್ಞರು ನಿಯಮದ ಒಳಗೇ ಉದಾರವಾಗಿ ಕೊಟ್ಟರು. "ಪರೀಕ್ಷಿಸಿದೆ. ಸರಿಯಾಗಿದೆ." ಸಹಿ, ತಾರೀಖು. ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದು, ಅಂಗಿಯ ತೋಳು ಮಡಚಿ, ತೊಟ್ಟಿಯ ನೀರನ್ನು ಮಗ್ಗಿನಲ್ಲಿ ಮೊಗೆದು ಮೊಗೆದು ತೆಗೆದರು. ಅದನ್ನು ಚೆಲ್ಲಲು ಹೊರಟರೆ ಹೆಂಡತಿ ಬಿಡಲಿಲ್ಲ.

"ಚೆಲ್ಲಬೇಡಿ ರೀ. ಮೀನಿನ ನೀರು ಗಿಡಕ್ಕೆ ಗೊಬ್ಬರ." ಬಾಲ್ಕನಿಯಲ್ಲಿ ಮೂರನೆಯ ಬಕೆಟ್ ತಂದಿಟ್ಟಳು.

"ಆ ಕೊಳಕಿಗೆ ಇರೋ ಮರ್ಯಾದೆ ನನ್ನ ನೀರಿಗಿಲ್ಲ!" ಎಂದು ಗೊಣಗುತ್ತಲೇ ಅವರು ನಲ್ಲಿ ತಿರುಗಿಸಿದರು. ತಮ್ಮದೇ ಕೈಯ, ತಮ್ಮದೇ ಸಹಿಯ ನೀರು ತೊಟ್ಟಿಗೆ ಧುಮುಕಿತು. ಫಳಫಳ! ಪ್ರತಿ ಕಲ್ಲೂ ಎಣಿಸಬಹುದು! ಜಲತಜ್ಞರು ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಈಗ ಹೇಳೇ, ಹೇಗಿದೆ?"

ಹೆಂಡತಿ ಮೂಗೇರಿಸಿದಳು. "ಈಜುಕೊಳದ ವಾಸನೆ ಬರ್ತಿದೆ."

"ಅದು ಶುದ್ಧತೆಯ ವಾಸನೆ! ನೋಡು, ಮೀನುಗಳು ಹೇಗೆ ಖುಷಿಯಿಂದ ಮೇಲೆ ಬಂದಿವೆ!"

"ಅಪ್ಪಾ," ಪುಟ್ಟಿ ಗಾಜಿಗೆ ಮೂಗು ಒತ್ತಿ ಎಣಿಸಿದಳು. "ಖುಷಿ ಅಲ್ಲಪ್ಪಾ. ಎಲ್ಲರೂ ಬಾಯಿ ಬಾಯಿ ಬಿಡ್ತಿದ್ದಾರೆ. ಡ್ಯಾನ್ಸ್ ಗ್ರೂಪ್ ಡ್ಯಾನ್ಸೇ ಮಾಡ್ತಿಲ್ಲ. ಆಮೇಲೆ... ಲಾಸ್ಟ್ ಬೆಂಚು ಇಲ್ಲ!"

ಮಾನಿಟರ್ ಎಂಬ ಮಾನಿಟರ್ರೇ ಪಕ್ಕಕ್ಕೆ ವಾಲಿಕೊಂಡಿತ್ತು. ಜಲತಜ್ಞರು ಮಗ್ಗನ್ನು ಅಲ್ಲೇ ಬಿಟ್ಟರು. ಓಡಿಹೋಗಿ ಮೀನಿನ ಅಂಗಡಿಯವನಿಗೆ ಫೋನು ಮಾಡಿದರು.

"ಯಾವ ನೀರು ಹಾಕಿದ್ರಿ ಸಾರ್?"

"ನಲ್ಲೀದು. ಒಳ್ಳೆ ನೀರು."

"ಅಯ್ಯೋ! ಆ ನೀರಾ? ಬೆಳಗ್ಗೆಯಿಂದ ನನ್ನ ಅಂಗಡೀಲೇ ಮುಚ್ಚಿದ ಮೂಗು ಬಿಡೋಕಾಗ್ತಿಲ್ಲ! ಅದ್ಯಾವ ಪುಣ್ಯಾತ್ಮ ಸಾರ್ ಆ ನೀರು ಬಿಡೋನು? ಕೈಗೆ ಸಿಕ್ಕಿದ್ರೆ ಅವನ್ನೇ ಅದರಲ್ಲಿ ಮುಳುಗಿಸ್ತಿದ್ದೆ!"

"ಅವರು... ಸ್ವಲ್ಪ ಪರಿಚಯ ನನಗೆ," ಎಂದರು ಜಲತಜ್ಞರು ಸಣ್ಣ ದನಿಯಲ್ಲಿ. "ಮನುಷ್ಯರಿಗೆ ಅದು ಸರಿಯಾದ ಅಳತೇನೇ."

"ಮನುಷ್ಯರಿಗೆ ಸಾರ್! ಮೀನು ಅದನ್ನೇ ಉಸಿರಾಡ್ಬೇಕಲ್ವಾ? ಕಿವಿರು ಸುಟ್ಟುಹೋಗತ್ತೆ. ಫಿಲ್ಟರ್ ಏನೂ ತೊಳೆದಿಲ್ಲ ತಾನೆ?"

"ಸ್ವಲ್ಪ... ಬ್ರಷ್ ಹಾಕಿದ್ದೆ."

"ಹೋಯ್ತು! ಅದರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಸಂಸಾರ ಹೂಡಿರ್ತವೆ. ಮೀನಿನ ಹೊಲಸನ್ನ ತಿಂದು ನೀರನ್ನ ಕಾಯೋದೇ ಅವು. ಅದಕ್ಕೇ ನೀರು ಬೆಳ್ಳಗಾಗಿದ್ದು. ಈಗ ಅದಿರಲಿ, ಒಂದು ದಿನ ತೆರೆದಿಟ್ಟ ನೀರು ಮನೇಲಿದ್ರೆ ಮೊದಲು ಮೀನನ್ನ ಅದಕ್ಕೆ ಹಾಕಿ!"

ಜಲತಜ್ಞರು ಫೋನು ಹಿಡಿದೇ ಬಾಲ್ಕನಿಯತ್ತ ತಿರುಗಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹನ್ನೊಂದು ವರ್ಷದಿಂದ ಮದ್ದು ಅಲ್ಲೇ ಬಾಯಿ ತೆರೆದುಕೊಂಡು ಕೂತಿತ್ತು! ಹೆಂಡತಿ ಆಗಲೇ ಒಂದು ಬಕೆಟ್ ಎತ್ತಿ ತರುತ್ತಿದ್ದಳು. "ದಾರಿ ಬಿಡಿ" ಎಂದಳು, ಅಷ್ಟೇ. ಚಹಾ ಸೋಸುವ ಜಾಲರಿಯಲ್ಲಿ ಒಂದೊಂದೇ ಮೀನು ಹಿಡಿದು ಬಕೆಟ್ಟಿಗೆ ಬಿಟ್ಟಳು. ಆರು ಬಂದವು. ತೊಟ್ಟಿಯ ಕಲ್ಲನ್ನೆಲ್ಲ ತಿರುವಿಹಾಕಿದರೂ ಏಳನೆಯದು ಸಿಗಲಿಲ್ಲ. ಪುಟ್ಟಿ ರಿಜಿಸ್ಟರ್ ಹಿಡಿದು ಅಳುತ್ತಿದ್ದಳು. ಆ ಕಣ್ಣೀರಿನ ಮುಂದೆ ಜಲತಜ್ಞರ ಹದಿನೇಳು ವರ್ಷದ ನೀರೆಲ್ಲ ಇಳಿದುಹೋಯಿತು. ತಮ್ಮ ಹೆಸರು ಹೇಳಿ ಬೆಂಚು ಹತ್ತಿದ್ದ ಮಗಳು! ಅವರಿಗೆ ನಿಜವಾಗಿಯೂ ಅಳು ಬಂತು.

"ಇಬ್ಬರೂ ಇಲ್ಲಿ ಬನ್ನಿ," ಬಾಲ್ಕನಿಯಿಂದ ಹೆಂಡತಿ ಕರೆದಳು.

ಗಿಡಕ್ಕೆಂದು ಉಳಿಸಿದ್ದ ಹಳೆಯ ನೀರಿನ ಬಕೆಟ್. ಅದರ ತಳದಲ್ಲಿ, ಮೀಸೆ ಇಳಿಬಿಟ್ಟುಕೊಂಡು, ಲೋಕದ ಗೊಡವೆಯಿಲ್ಲದೆ ಲಾಸ್ಟ್ ಬೆಂಚು! ಬಿಳಿ ನೀರಿನ ಮರೆಯಲ್ಲಿ ಅಪ್ಪನ ಮಗ್ಗು ಹತ್ತಿ ತಪ್ಪಿಸಿಕೊಂಡಿದ್ದ. ತರಗತಿಗೆ ಚಕ್ಕರ್ ಹೊಡೆದವನೊಬ್ಬನೇ ಗುಂಡುಕಲ್ಲಿನ ಹಾಗಿದ್ದ.

ತೊಟ್ಟಿಗೆ ಆರಿದ ನೀರನ್ನೂ ಹಳೆಯ ನೀರನ್ನೂ ಬೆರೆಸಿ ತುಂಬಿದರು. ಆಮೇಲೆ ಶುರುವಾಯಿತು ಜಲತಜ್ಞರ ಜೀವನದ ಅತಿ ಕಷ್ಟದ ಕೆಲಸ. ಏನೂ ಮಾಡದೆ ಇರುವುದು! ಶುಕ್ರವಾರ ತೊಟ್ಟಿಯ ಮುಂದೆ ಕೈಕಟ್ಟಿ ಕೂತರು. ಕೈ ತಾನಾಗಿ ಫಿಲ್ಟರ್ ಕಡೆ ಹೋಯಿತು. "ರೀ!" ಎಂಬ ಶಬ್ದ ಬಂತು. ಕೈ ವಾಪಸಾಯಿತು. ಶನಿವಾರ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಭಾನುವಾರ ಹೆಂಡತಿಯೇ ಅವರನ್ನು ಮನೆಯಿಂದ ಹೊರಗೆ ಕಳಿಸಿ, ಸಂಜೆಯವರೆಗೆ ಬರಬೇಡಿ ಎಂದಳು.

ಸೋಮವಾರ ಬೆಳಗ್ಗೆ ನೀರು ತಿಳಿಯಾಗಿತ್ತು. ಮೀನುಗಳು ಗಾಳಿಯಲ್ಲಿ ತೇಲುತ್ತಿರುವಂತೆಯೇ ಕಾಣುತ್ತಿದ್ದವು!

ಜಲತಜ್ಞರೇ ತರಗತಿಗೆ ಹೊತ್ತು ತಂದ ತೊಟ್ಟಿಯಲ್ಲಿ ಮಿಸ್ ಏಳು ಮೀನನ್ನೂ ಎಣಿಸಿ, ನೀರು ನೋಡಿ ಬೆರಗಾದರು. "ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ! ನೀವು ಏನು ಮಾಡಿದ್ರಿ ಅಂತ ಮಕ್ಕಳಿಗೆ ಎರಡು ಮಾತು ಹೇಳಿ ಸಾರ್."

ಹೊಗಳಿಕೆ ಒಳಗಿಳಿದ ಕೂಡಲೇ ಜಲತಜ್ಞರ ಬೆನ್ನು ತಾನಾಗಿ ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡರು. "ಮಕ್ಕಳೇ, ನೀರು ಅಂದ್ರೆ..."

"ಮಿಸ್, ನಾನು ಎಲ್ಲಾ ಬರ್ಕೊಂಡಿದೀನಿ!" ಪುಟ್ಟಿ ರಿಜಿಸ್ಟರ್ ಹಿಡಿದು ಎದ್ದೇಬಿಟ್ಟಳು. ಏನಾದರೂ ನಡೆದ ದಿನಗಳನ್ನೆಲ್ಲ ತಾರೀಖು ಸಮೇತ ಖಣಿಖಣಿ ಓದಿದಳು.

"ಶನಿವಾರ. ಏಳು ಹಾಜರ್. ಅಪ್ಪ ತೊಟ್ಟಿಯನ್ನು ಬಿಸಿಲಿಗೆ ಇಟ್ಟರು. ಸೋಮವಾರ. ನೀರು ಹಸಿರು. ಅಪ್ಪ ಸ್ಪಂಜಿಗೆ ಬ್ರಷ್ ಹಾಕಿದರು. ಬುಧವಾರ. ನೀರು ಬಿಳಿ. ಏಳು ಇರಬಹುದು, ಕಾಣಿಸಲಿಲ್ಲ. ಗುರುವಾರ. ಅಪ್ಪ ಅವರ ನೀರು ಹಾಕಿದರು. ಆರು ಜನಕ್ಕೆ ಹುಷಾರಿಲ್ಲ, ಒಬ್ಬ ಗೈರುಹಾಜರ್. ಅಮ್ಮ ಬಕೆಟ್ ತಂದರು. ಏಳು ಹಾಜರ್. ಶುಕ್ರವಾರ. ಅಪ್ಪ ಏನೂ ಮಾಡಲಿಲ್ಲ. ಸ್ವಲ್ಪ ವಾಸಿ. ಶನಿವಾರ. ಅಪ್ಪ ಏನೂ ಮಾಡಲಿಲ್ಲ. ಇನ್ನೂ ವಾಸಿ. ಭಾನುವಾರ. ಅಪ್ಪ ಮನೆಯಲ್ಲೇ ಇರಲಿಲ್ಲ. ಏಳೂ ಹಾಜರ್, ಎಲ್ಲರೂ ತುಂಬಾ ಖುಷಿ."

ತರಗತಿ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಮಿಸ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಜಲತಜ್ಞರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಗುರುವಾರದ ಮಾನಿಟರ್ ಥೇಟ್ ಹೀಗೇ ಮಾಡಿತ್ತು.

"ಅಪ್ಪಾ, ಕೆಳಗೆ ನಿಮ್ಮ ಸಹಿ ಹಾಕಿ," ಪುಟ್ಟಿ ರಿಜಿಸ್ಟರ್ ಮುಂದೆ ಹಿಡಿದಳು. ಅವಳ ಮುಖದಲ್ಲಿ ಕೀಟಲೆಯ ಸುಳಿವೂ ಇರಲಿಲ್ಲ. ಅಪ್ಪ ಹೇಳಿಕೊಟ್ಟ ಕೆಲಸವನ್ನು ಹೇಳಿಕೊಟ್ಟ ಹಾಗೇ ಮಾಡಿದ ಹೆಮ್ಮೆ ಮಾತ್ರ ಇತ್ತು.

ಅವರು ಪುಟ ತಿರುವಿ ನೋಡಿದರು. ಹತ್ತು ದಿನ, ಒಂದು ದಿನವೂ ಬಿಟ್ಟಿಲ್ಲ. ಒಂದು ಅಕ್ಷರವೂ ಅಳಿಸಿಲ್ಲ. ಅಪ್ಪನ ತಪ್ಪು ಎಂದು ಎಲ್ಲಿಯೂ ತೇಲಿಸಿಲ್ಲ. ಹದಿನೇಳು ವರ್ಷದಲ್ಲಿ ಇಂಥ ಖಡಕ್ ವರದಿ ಪ್ರಯೋಗಾಲಯದಲ್ಲೂ ಅವರ ಕೈಗೆ ಬಂದಿರಲಿಲ್ಲ! ತಮ್ಮ ಮಾನ ಹೋದ ಪುಟದ ಮೇಲೆಯೇ ಅವರ ಎದೆ ಮತ್ತೆ ಉಬ್ಬಿತು. ಕಣ್ಣು ಮಂಜಾಯಿತು. ಪೆನ್ನು ತೆಗೆದು ದೊಡ್ಡಕ್ಷರದಲ್ಲಿ ಬರೆದರು: "ಪರೀಕ್ಷಿಸಿದೆ. ಸರಿಯಾಗಿದೆ." ಕೆಳಗೆ ಜೋರಾಗಿ ಸಹಿ ಎಳೆದರು.

ಪುಟ್ಟಿ ರಿಜಿಸ್ಟರ್ ತಿರುಗಿಸಿ ಪರೀಕ್ಷಿಸಿದಳು. ಹುಬ್ಬು ಗಂಟಿಕ್ಕಿತು.

"ಅಪ್ಪಾ, ತಾರೀಖು ಹಾಕಿಲ್ಲ!"