ಲಕ್ಕಣ್ಣನವರ ಕಂಪ್ಯೂಟರ್ ಪಾಲುಪಟ್ಟಿ

ಲಕ್ಕಣ್ಣನವರ ಮನೆಯಲ್ಲಿ ಇದುವರೆಗೆ ನಾಲ್ಕು ಸಲ ಭಾಗವಾಗಿದೆ. ಮೂರು ಸಲ ಜಮೀನು, ನಾಲ್ಕನೆಯ ಸಲ ಕಂಪ್ಯೂಟರ್. ಜಮೀನು ಭಾಗವಾದಾಗ ಯಾರೂ ಕೈ ಎತ್ತಿರಲಿಲ್ಲ. ಕಂಪ್ಯೂಟರ್ ಭಾಗವಾದಾಗ ಹೆಂಡತಿ ಗೌರಮ್ಮನ ಕೈಯಲ್ಲಿ ಸೌಟಿತ್ತು.

ಸಿಂಗಾಪುರದಲ್ಲಿ (ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ನಗರ ನುಂಗಿದ ನಮ್ಮ ಹಳ್ಳಿ) ಲಕ್ಕಣ್ಣನವರದು ಹಳೇ ಮನೆತನ. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಕೆಂಚಪ್ಪ ಲೇಔಟ್ ಎದ್ದಿದೆ. ಕೆಂಚಪ್ಪ ಎಂದರೆ ಲಕ್ಕಣ್ಣನವರ ತಾತ. ತಾತನ ಹೆಸರಿನ ಲೇಔಟಿನ ನಿವಾಸಿಗಳ ಸಂಘಕ್ಕೆ ಮೊಮ್ಮಗ ಅಧ್ಯಕ್ಷನಾಗಬೇಕೋ ಬೇಡವೋ ನೀವೇ ಹೇಳಿ. ಅವರು ಎರಡು ಸಲ ನಿಂತರು, ಎರಡು ಸಲವೂ ಸೋತರು. ಎರಡನೆಯ ಸಲ ಹದಿನೇಳು ವೋಟು ಬಂದವು. ಅದರಲ್ಲಿ ಹೆಂಡತಿಯದು ಇತ್ತೇ ಎಂದು ಅವರು ಇವತ್ತಿಗೂ ಕೇಳಿಲ್ಲ. (ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಭಯ.) ಮೂರನೆಯ ಸಲವೂ ಸೋತರೆ ತಾತನ ಫೋಟೋ ಎದುರು ನಿಂತು ಊದುಬತ್ತಿ ಹಚ್ಚುವುದು ಹೇಗೆ ಎಂಬುದೇ ಅವರ ಕೊರಗು.

ಕಂಪ್ಯೂಟರಿನ ಜಗಳ ಶುರುವಾದದ್ದು ಒಂದು ಪಹಣಿಯಿಂದ.

"ನನ್ ಪಾಣಿ ಎಲ್ಲೋಯ್ತು? ತೆಗ್ದು ಮಡಗಿದ್ನಲ್ಲ, ಯಾರ್ ಮುಚ್ಚಿದ್ದು?"

"ನಾನೇ ಮುಚ್ಚಿದ್ದು ಕಣ್ರೀ. ನಲವತ್ತು ಕಿಟಕಿ ತಕ್ಕೊಂಡ್ ಕುಂತ್ರೆ ಆ ಮಿಷನ್ನು ಉಸಿರಾಡ್ಬೇಕೋ ಬ್ಯಾಡ್ವೋ?"

"ನೀನ್ ಬರಿಯೋ ಕಂಪ್ಲೇಂಟ್‌ಗೆ ಅದುಕ್ ಉಸಿರು ಕಟ್ತೈತೆ!"

ಕಂಪ್ಲೇಂಟಿನ ಮಾತು ಸುಳ್ಳಲ್ಲ. ಗೌರಮ್ಮ ಸಂಘದ ವೆಬ್‌ಸೈಟಿನಲ್ಲಿ ದಿನವೂ ದೂರು ಬರೆಯುತ್ತಿದ್ದರು. ಉರಿಯದ ಬೀದಿದೀಪ, ಬಾರದ ಕಸದ ಗಾಡಿ, ಪಾರ್ಕಿನ ಮುರಿದ ಗೇಟು, ಏನನ್ನೂ ಬಿಟ್ಟವರಲ್ಲ. ಫುಟ್‌ಪಾತಿನ ಮೇಲೆ ಕಲ್ಲುಬೆಂಚು ಹಾಕಿಸಿಕೊಂಡು ಸಂಜೆ ಹೊತ್ತು ಕಾಲು ಚಾಚಿ ಕೂರುವ ಒಬ್ಬರ ಮೇಲೂ ದೂರಿತ್ತು. ಆ ಒಬ್ಬರು ಲಕ್ಕಣ್ಣನವರೇ.

ಕೊನೆಗೆ ಇಂದು ಎಂಬ ಹೆಸರಿನ ಸೊಸೆ ನಡುವೆ ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ದಿನಕ್ಕೆ ನೂರು ಜಗಳ ಕೌಂಟರಿನಲ್ಲೇ ಬಗೆಹರಿಸುವವಳು.

"ಮಾವ, ಇದ್ರಲ್ಲಿ ಎರಡು ಬ್ರೌಸರ್ ಇದೆ. ಈ ಬಣ್ಣದ ಚಕ್ರ ಒಂದು, ಈ ನರಿ ಒಂದು. ಆಳಿಗೊಂದು ಇಟ್ಕೊಂಡ್ಬಿಡಿ. ನಿಮ್ಮ ಹೆಸ್ರು, ನಿಮ್ಮ ಪಾಸ್‌ವರ್ಡ್ ಎಲ್ಲ ನಿಮ್ಮದ್ರಲ್ಲೇ ಇರತ್ತೆ, ಅತ್ತೇದು ಅತ್ತೇದ್ರಲ್ಲಿ. ಒಂದು ಮಾತ್ರ ಭಾಗ ಮಾಡಕ್ಕಾಗಲ್ಲ. ಮೇಲ್‌ನಲ್ಲಿ ಬರೋ ಲಿಂಕ್ ಒತ್ತಿದ್ರೆ ಯಾವುದ್ರಲ್ಲಿ ತೆರ್ಕೋಬೇಕು ಅಂತ. ಅದು ಒಂದೇ ಇರ್ಬೇಕು."

ಭಾಗ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಲಕ್ಕಣ್ಣನವರು ಎದ್ದು ಹೋಗಿ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದರು. ಅವರ ವಂಶದಲ್ಲಿ ಭಾಗಕ್ಕೊಂದು ಕ್ರಮವಿದೆ. ಹಿರಿಯರು ಪಾಲು ಮಾಡಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ಆರಿಸಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ತಾತ ಕೆಂಚಪ್ಪ ಹಾಗೆ ನಡೆದುಕೊಂಡಿದ್ದರು, ಅಪ್ಪ ಹಾಗೆ ನಡೆದುಕೊಂಡಿದ್ದರು.

"ಕೇಳ್ಸ್ಕೊ ಗೌರಿ. ಒಂದ್ನೇ ಪಾಲು: ನರಿ, ಪ್ರಿಂಟರ್ರು, ಮೆತ್ತೆ ಇರೋ ಕುರ್ಚಿ. ಎರಡ್ನೇ ಪಾಲು: ಬಣ್ಣದ್ ಚಕ್ರ, ಆಮೇಲೆ ಆ ಲಿಂಕು. ನೀನ್ ಚಿಕ್ಕೋಳು, ಮೊದ್ಲು ಆರಿಸ್ಕೊ."

ಮೆತ್ತೆ ಬಿಟ್ಟು ಯಾವ ಹೆಂಗಸು ಲಿಂಕು ಆರಿಸಿಕೊಳ್ಳುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಗೌರಮ್ಮ ಸೌಟು ಕೆಳಗಿಟ್ಟು ಸೊಸೆಯ ಕಡೆ ತಿರುಗಿದರು.

"ಲಿಂಕು ಅಂದ್ರೆ ಏನವ್ವ?"

"ನೀಲಿ ಅಕ್ಷರ ಒತ್ತಿದ್ರೆ ಸೀದಾ ಆ ಜಾಗಕ್ಕೇ ಕರ್ಕೊಂಡ್ ಹೋಗತ್ತಲ್ಲ ಅತ್ತೆ, ಅದು."

"ಹಂಗಾದ್ರೆ ಅದೇ ನಂದು. ಭಾಗ ಆಗೋವಾಗ ಬಾವಿ ಇರೋ ಪಾಲು ಬುಡ್ಬ್ಯಾಡ ಅಂತ ನಮ್ಮಪ್ಪ ಏಳಿದ್ರು."

ಲಕ್ಕಣ್ಣನವರ ಮುಖ ಸಪ್ಪಗಾಯಿತು. ಸೊಸೆ ಸೆಟ್ಟಿಂಗ್ಸ್‌ಗೆ ಹೋಗಿ ಬಣ್ಣದ ಚಕ್ರವನ್ನು ಆರಿಸಿದಳು. ಮಾವನ ಮುಖ ನೋಡಲಾರದೆ ಸಮಾಧಾನ ಹೇಳಿದಳು.

"ಯಾವಾಗ ಬೇಕಾದ್ರೂ ಬದಲಾಯಿಸ್ಬೋದು ಮಾವ, ಒಂದೇ ನಿಮಿಷ."

"ಭಾಗ ಆದ್ಮೇಲೆ ಬದ್ಲಾಯ್ಸೋರು ಮನುಷ್ರೇನವ್ವ?"

ಹೀಗಾಗಿ ಅವಳು ಮಾವನಿಗೆ ಇನ್ನೊಂದು ಉಪಾಯ ಹೇಳಿಕೊಟ್ಟಳು. ಲಿಂಕನ್ನು ಒತ್ತದೆ ಕಾಪಿ ಮಾಡಿಕೊಂಡು ನರಿಯೊಳಗೆ ಪೇಸ್ಟ್ ಮಾಡುವುದು. ಲಕ್ಕಣ್ಣನವರು ಆರು ತಿಂಗಳು ಹಾಗೇ ಮಾಡಿದರು. ಪಕ್ಕದವರ ಬಾವಿಯಿಂದ ನೀರು ಸೇದಿ ತಂದಷ್ಟೇ ಸಂಕೋಚವಾಗುತ್ತಿತ್ತು.

ಅಷ್ಟರಲ್ಲಿ ಸಂಘದ ಚುನಾವಣೆ ಬಂತು. ಚುನಾವಣಾಧಿಕಾರಿ ನಿವೃತ್ತ ಹೆಡ್‌ಮಾಸ್ಟರ್ ಸಿದ್ರಾಮಪ್ಪ. ಈ ಸಲ ಕಾಗದವೇ ಇಲ್ಲ, ಎಲ್ಲರಿಗೂ ಮೇಲ್‌ನಲ್ಲಿ ಲಿಂಕ್ ಬರುತ್ತದೆ, ಭಾನುವಾರ ಸಂಜೆ ಐದರೊಳಗೆ ನಾಮಪತ್ರ ಸಲ್ಲಿಸಬೇಕು ಎಂದು ಅವರು ಸಾರಿದರು. ಲಕ್ಕಣ್ಣನವರಿಗೆ ಎದುರಾಳಿ ಒಬ್ಬನೇ, ಹಾರ್ಡ್‌ವೇರ್ ಅಂಗಡಿಯ ಮುರುಗೇಶ್. ಅವನ ಮನೆಗೆ ಮೂರು ದಿನ ಒಂದೇ ಸಮನೆ ಹೋದರು. ಹಿತ್ತಲ ಸೀಬೆಹಣ್ಣು ಕೊಟ್ಟರು, ತಾತನ ಕಥೆ ಹೇಳಿದರು, ಮೂರನೆಯ ದಿನ ಕಣ್ಣಲ್ಲಿ ನೀರನ್ನೂ ತಂದುಕೊಂಡರು. ಅದು ನಾಟಕವಲ್ಲ, ನಿಜವಾದ ನೀರೇ.

"ಆಯ್ತು ಬಿಡಿ ಸಾರ್, ನಾನ್ ನಿಲ್ಲಲ್ಲ," ಎಂದ ಮುರುಗೇಶ್. "ಪದವಿ ನಿಮ್ಮನೇಲೇ ಇರ್ಲಿ."

ಭಾನುವಾರ ರಾಹುಕಾಲ ನಾಲ್ಕೂವರೆಗೆ ಶುರು. ನಾಲ್ಕು ಇಪ್ಪತ್ತಕ್ಕೆ ಲಕ್ಕಣ್ಣನವರು ತಲೆಗೆ ಸ್ನಾನ ಮಾಡಿ, ತಾತನ ಫೋಟೋಗೆ ಕೈ ಮುಗಿದು, ಮೆತ್ತೆಯ ಕುರ್ಚಿಯಲ್ಲಿ ಕುಳಿತು ಮೇಲ್ ತೆರೆದರು. ಕಾಪಿ ಮಾಡಲು ಕೈ ಹೋಯಿತು, ತಡೆದು ನಿಂತಿತು. ಇಂಥ ಶುಭಕಾರ್ಯಕ್ಕೆ ಹಿತ್ತಿಲ ಬಾಗಿಲಿನಿಂದ ಹೋಗುವುದೇ? ಕೆಂಚಪ್ಪನ ಮೊಮ್ಮಗ ಮುಂಬಾಗಿಲಿನಿಂದಲೇ ಹೋಗಬೇಕು. ಬಲಗೈ ತೋರುಬೆರಳಿನಿಂದ ಲಿಂಕನ್ನೇ ಒತ್ತಿದರು.

ಅರ್ಜಿ ತಾನೇ ತುಂಬಿಕೊಂಡು ನಿಂತಿತ್ತು. ಮನೆ ನಂಬರು ಸರಿಯಾಗಿತ್ತು. ನಡುವೆ ದಪ್ಪ ಅಕ್ಷರದಲ್ಲಿ "ಲಕ್ಕಣ್ಣ" ಎಂದಿತ್ತು. ತಮ್ಮ ಹೆಸರು ಕಂಡ ಮೇಲೆ ಮುಂದೆ ಹಿಂದೆ ಓದುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ. ನಾಲ್ಕು ಇಪ್ಪತ್ತೇಳಕ್ಕೆ ಸಲ್ಲಿಸಿದರು. ಕಣ್ಣು ತುಂಬಿ ಬಂತು.

ಮುಂದಿನ ಭಾನುವಾರ ಪಾರ್ಕಿನಲ್ಲಿ ಸಭೆ. ಲಕ್ಕಣ್ಣನವರು ಇಸ್ತ್ರಿ ಮಾಡಿದ ಷರಟು ಹಾಕಿ ಮುಂದಿನ ಸಾಲಿನಲ್ಲಿ ಕೂತರು. ಜೇಬಿನಲ್ಲಿ ನಾಲ್ಕು ಪುಟದ ಭಾಷಣವಿತ್ತು. ಸಿದ್ರಾಮಪ್ಪ ಕನ್ನಡಕ ಏರಿಸಿಕೊಂಡು ಎದ್ದು ನಿಂತರು.

"ಅಧ್ಯಕ್ಷ ಸ್ಥಾನಕ್ಕೆ ಬಂದಿರುವುದು ಒಂದೇ ನಾಮಪತ್ರ. ಆದ್ದರಿಂದ ಅವಿರೋಧವಾಗಿ ಆಯ್ಕೆಯಾಗಿರುವವರು..."

ಲಕ್ಕಣ್ಣನವರು ಹಾರಕ್ಕೆ ಅನುಕೂಲವಾಗಲೆಂದು ಕತ್ತು ಬಗ್ಗಿಸಿ ಅರ್ಧ ಎದ್ದರು.

"...ಶ್ರೀಮತಿ ಗೌರಮ್ಮ ಕೋಂ ಲಕ್ಕಣ್ಣ!"

ಚಪ್ಪಾಳೆ ಶುರುವಾಯಿತು. ಅರ್ಧ ಎದ್ದವರು ಹಾಗೇ ನಿಂತರು. ಬಣ್ಣದ ಚಕ್ರದೊಳಗೆ ಇದ್ದದ್ದು ಹೆಂಡತಿಯ ಹೆಸರು, ತಾವು ಕಂಡ "ಲಕ್ಕಣ್ಣ" ಗಂಡನ ಹೆಸರಿನ ಸಾಲಿನಲ್ಲಿತ್ತು ಎಂಬುದು ಆಗ ಹೊಳೆಯಿತು. ಜನ ಮಾತ್ರ ನಿಲ್ಲಿಸದೆ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ದಿನ ದೂರು ಬರೆದು ಬರೆದು ದೀಪ ಉರಿಸಿದ್ದು ಯಾರೆಂದು ಅವರಿಗೆಲ್ಲ ಗೊತ್ತಿತ್ತು. ಹೆಂಡತಿಗೋಸ್ಕರ ಎದುರಾಳಿಯ ಮನೆಗೆ ಮೂರು ದಿನ ಅಲೆದ ಪುಣ್ಯಾತ್ಮ ಎಂದು ಮುರುಗೇಶ್ ಓಡಿ ಬಂದು ಕೈ ಕುಲುಕಿದ.

ಲಕ್ಕಣ್ಣನವರು ಬಾಯಿ ತೆರೆದರು. ತಪ್ಪಾಗಿದೆ, ಲಿಂಕು ತಿರುಗಿದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಗೌರಮ್ಮ ಎದುರಿಗೆ ಬಂದು ನಿಂತರು. ಸೆರಗಿನ ತುದಿ ಕೈಯಲ್ಲಿ ಮುದ್ದೆಯಾಗಿತ್ತು.

"ನೀವೇ ಆಕಿದ್ರಾ? ಮದ್ವೆ ಆಗಿ ಮೂವತ್ತೆಂಟು ವರ್ಸ ಆಯ್ತು. ಒಂದ್ ಕಾಗ್ದದಲ್ಲೂ ನನ್ನೆಸ್ರು ಮೊದ್ಲು ಬರ್ಸಿದ್ದಿಲ್ಲ ನೀವು."

ಆ ಮಾತು ನಿಜ, ಅದು ಲಕ್ಕಣ್ಣನವರಿಗೆ ಗೊತ್ತಿತ್ತು.

"ಊಂ," ಎಂದರು. "ನಾನೇ ಆಕ್ದೆ."

ಭಾಷಣ ಜೇಬಿನಲ್ಲೇ ಉಳಿಯಿತು. ಹಾರ ಅವರ ಕೈಯಿಂದಲೇ ಗೌರಮ್ಮನ ಕೊರಳಿಗೆ ಬಿತ್ತು.

ನಾಲ್ಕನೆಯ ದಿನ ಲಕ್ಕಣ್ಣನವರಿಗೆ ಸಂಘದಿಂದ ಒಂದು ಮೇಲ್ ಬಂತು. "ಫುಟ್‌ಪಾತಿನ ಮೇಲಿನ ಕಲ್ಲುಬೆಂಚನ್ನು ಏಳು ದಿನದೊಳಗೆ ತೆರವು ಮಾಡತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಈ ಲಿಂಕ್ ಒತ್ತಿ." ಸಿಟ್ಟಿನ ಭರದಲ್ಲಿ ಒತ್ತಿದರು. ಬಣ್ಣದ ಚಕ್ರ ತೆರೆಯಿತು. "ಅಧ್ಯಕ್ಷರಿಗೆ ಸ್ವಾಗತ" ಎಂದಿತು. ಕೆಳಗೆ ಎರಡು ಬಟನ್ನು: "ದೂರು ಕೈಬಿಡಿ", "ದೂರು ಎತ್ತಿಹಿಡಿಯಿರಿ".

ಲಕ್ಕಣ್ಣನವರ ಬೆರಳು ಮೊದಲನೆಯದರ ಮೇಲೆ ಹೋಗಿ ನಿಂತಿತು. ಒಂದೇ ಒಂದು ಸಲ ಒತ್ತಿದರೆ ಬೆಂಚು ಉಳಿಯುತ್ತದೆ, ನೋಡುವವರು ಯಾರೂ ಇಲ್ಲ.

"ಏನ್ರೀ, ಅದು ನನ್ ಪಾಲು," ಎಂದಿತು ಅಡುಗೆಮನೆ.

ಅವರು ಬೆರಳು ಹಿಂದಕ್ಕೆ ತೆಗೆದುಕೊಂಡರು. ಲಿಂಕನ್ನು ಕಾಪಿ ಮಾಡಿ ನರಿಯೊಳಗೆ ಪೇಸ್ಟ್ ಮಾಡಿ, ತಮ್ಮದೇ ಹೆಸರಿನಲ್ಲಿ, ವಿನಯದಿಂದ, ಒಂದು ಪುಟದ ಆಕ್ಷೇಪಣೆ ಬರೆದರು. ಪ್ರಿಂಟರ್ ಹೇಗೂ ತಮ್ಮ ಪಾಲಿನದೇ ಆದ್ದರಿಂದ ಒಂದು ಪ್ರತಿ ತೆಗೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಅಧ್ಯಕ್ಷರು ಒಗ್ಗರಣೆ ಹಾಕುತ್ತಿದ್ದರು.

"ಅಲ್ಲೇ ಮಡಗಿ," ಎಂದರು ತಿರುಗಿ ನೋಡದೆ. "ನಿಮ್ಗಿಂತ ಮೊದ್ಲು ಬಂದಿರೋ ಅರ್ಜಿ ಹನ್ನೆರಡು ಅವೆ."